ಡಬ್ಬದ ಮೇಲಿನ ನಿನ್ನ ಸಹಿ

ಲಲಿತಾ, ಭಾಗ್ಯಳ ಗುಟ್ಟನ್ನು ಬಯಲು ಮಾಡಿದವಳು ನಾನು. ನೀನಲ್ಲ. ನೀನಲ್ಲ ಎನ್ನುವುದು ನಿನಗೆ ಅವತ್ತೇ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ಭಾಗ್ಯ ಒಬ್ಬಳೇ — ಅವಳಿಗೆ ಗೊತ್ತಾಗದ ಹಾಗೆ ನೋಡಿಕೊಂಡವಳೂ ನಾನೇ.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು ನೋಡು, ನಿಮ್ಮ ಕನ್ನಡ ಮಿಸ್‌ಗೆ! ಪ್ರಬಂಧ ಬರೆಯುವಾಗ ಮೊದಲ ಸಾಲಿನಲ್ಲೇ ವಿಷಯಕ್ಕೆ ಬನ್ರೇ, ಸುತ್ತಿ ಬಳಸಿ ಸಾಯಿಸ್ಬೇಡಿ ಎಂದು ನಿಮ್ಮ ತಲೆ ತಿನ್ನುತ್ತಿದ್ದವಳು ನಾನು. ನನ್ನ ಸರದಿ ಬಂದಾಗ ಪೆನ್ನು ಹಿಡಿದು ಕೂತು, ಎದ್ದು, ಕಾಫಿ ಕುಡಿದು, ಮತ್ತೆ ಕೂತು — ಏನು ಹೇಳಲಿ.

ಈ ಕಾಗದ ನಿನಗೆ ಮಾತ್ರ. ಭಾಗ್ಯಳ ಮನೆಯ ಸಂಗತಿ ನಿನಗೆ ಎಲ್ಲರಿಗಿಂತ ಮೊದಲೇ ಗೊತ್ತಿದ್ದದ್ದರಿಂದ, ಇಲ್ಲಿ ಬರೆದರೆ ಇನ್ನೊಮ್ಮೆ ಅದನ್ನು ಬೀದಿಗೆ ತಂದ ಹಾಗಾಗುವುದಿಲ್ಲ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಆ ಸಂದಿನಲ್ಲಿ ಇನ್ನೊಂದು ಸುಳ್ಳು ನುಸುಳೀತು ಎಂಬ ಹೆದರಿಕೆ ನನಗೆ.

ನಾನಾಗ ದಿನಾ ತುಮಕೂರಿನಿಂದ ಕುಣಿಗಲ್‌ಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನೀನು ಕುಣಿಗಲ್ ಪೇಟೆಯ ಟೈಲರ್ ಮಗಳು. ಭಾಗ್ಯ ಅಮೃತೂರಿನಿಂದ ಪ್ರೈವೇಟ್ ಬಸ್ಸಿನಲ್ಲಿ ನಿಂತುಕೊಂಡೇ ಬರುವವಳು. ಎಂಟನೇ ಕ್ಲಾಸಿನಿಂದ ಇಬ್ಬರಿಗೂ ಒಂದೇ ಬೆಂಚು. ನಿಮ್ಮ ಪಿಸಿಪಿಸಿ ತಡೆಯಲಾರದೆ ಎಷ್ಟು ಸಲ ಸೀಮೆಸುಣ್ಣ ಎಸೆದಿದ್ದೇನೋ! “ಅಂಟ್ಕೊಂಡು ಹುಟ್ಟಿದೀರೇನ್ರೇ?” ಎಂದು ಗದರಿದರೆ ಭಾಗ್ಯ ಕಿಸಕ್ಕನೆ ನಗುತ್ತಿದ್ದಳು, ನೀನು ತಲೆ ತಗ್ಗಿಸುತ್ತಿದ್ದೆ. ಹಾಗೆ ತಗ್ಗಿಸಿದ ತಲೆಯನ್ನೇ ಮುಂದೆ ನಾನು ಹೇಗೆ ಬಳಸಿಕೊಂಡೆ ಎನ್ನುವುದನ್ನು ಹೇಳುತ್ತೇನೆ.

ಎರಡು ಸಾವಿರದ ಎಂಟನೇ ಇಸವಿಯ ಗಣರಾಜ್ಯೋತ್ಸವ ಶನಿವಾರ ಬಂದಿತ್ತು. ನೀವು ಎಸ್ಸೆಸ್ಸೆಲ್ಸಿ. ಭಾಗ್ಯಳಿಗೆ ಭಾರತಮಾತೆಯ ವೇಷ. ನಿಮ್ಮ ತಂದೆಯ ಅಂಗಡಿಯ ಜರಿ ಚೂರುಗಳನ್ನು ರಟ್ಟಿಗೆ ಅಂಟಿಸಿ ಕಿರೀಟ ಮಾಡಿದವಳು ನೀನು. ಅತಿಥಿಗಳು ಬರುವುದು ಒಂದೂವರೆ ಗಂಟೆ ತಡವಾಯಿತು. ಅಷ್ಟು ಹೊತ್ತೂ ಆ ಹುಡುಗಿ ವೇದಿಕೆಯ ಮೇಲೆ ಬಿಸಿಲಿಗೆ ಮುಖ ಕೊಟ್ಟು, ಬಾವುಟ ಹಿಡಿದು, ಅಲುಗಾಡದೆ ನಿಂತಿದ್ದಳು. ಅತಿಥಿಗಳು ಬಂದರು, ಮೈಕು ಕಿರ್ರೆಂದಿತು, ಭಾಗ್ಯ ದೊಪ್ಪನೆ ಬಿದ್ದಳು. ಕಿರೀಟ ಉರುಳಿಕೊಂಡು ಹೋಗಿ ವೇದಿಕೆಯ ಕೆಳಗೆ ಬಿತ್ತು. ನೀನು ಎಲ್ಲಿದ್ದೆಯೋ, ಹೇಗೆ ಹಾರಿ ಬಂದೆಯೋ, ನಾವು ಟೀಚರುಗಳು ಎದ್ದು ಸೆರಗು ಸರಿಮಾಡಿಕೊಳ್ಳುವುದರೊಳಗೆ ಅವಳ ತಲೆ ನಿನ್ನ ತೊಡೆಯ ಮೇಲಿತ್ತು.

ಬಿ ಸೆಕ್ಷನ್ನಿನ ಯಾವನೋ ಮನೆಯ ಮೊಬೈಲು ತಂದಿದ್ದ. ಕ್ಯಾಮೆರಾ ಇರುವ ಮೊಬೈಲು ಆಗ ಹೊಸದು, ಮನೆಗೊಂದು ಇದ್ದರೆ ಹೆಚ್ಚು. ಭಾಗ್ಯ ಬೀಳುವುದು, ಕಿರೀಟ ಉರುಳುವುದು — ಇಷ್ಟನ್ನು ಹಿಡಿದು, ಹಿಂದೆ ಒಂದು ಸಿನಿಮಾ ಹಾಡು ಸೇರಿಸಿ, ಬ್ಲೂಟೂತಿನಲ್ಲಿ ಹಂಚಿದರು. ಸೋಮವಾರದ ಹೊತ್ತಿಗೆ ಅದು ಬಸ್ ಕ್ಲೀನರುಗಳ ಮೊಬೈಲಿನಲ್ಲೂ ಇತ್ತು. ಅದಾದ ಮೇಲೆ ಒಂದು ಮೆಸೇಜು ಹೊರಟಿತು: ಭಾರತಮಾತೆಗೆ ಎಷ್ಟು ತಿಂಗಳು?

ಹದಿನೈದು ವರ್ಷದ ಹುಡುಗಿ ಲಲಿತಾ. ತಲೆ ಸುತ್ತಿ ಬಿದ್ದದ್ದಕ್ಕೆ ಎಷ್ಟು ತಿಂಗಳು ಎಂದು ಕೇಳಿದರು. ಆ ಮೆಸೇಜು ಅವಳ ಅಪ್ಪನ ಮೊಬೈಲಿಗೂ ಹೋಯಿತು. ಪರೀಕ್ಷೆ ಎರಡು ತಿಂಗಳಿದೆ ಎನ್ನುವಾಗ ಅವರು, ಓದಿದ್ದು ಸಾಕು, ಮನೇಲಿರು ಎನ್ನುವ ಮಾತಾಡಿದರಂತೆ. ನಮ್ಮ ಸ್ಟಾಫ್ ರೂಮಿನಲ್ಲಿ ಏನಾಯಿತು ಗೊತ್ತೇ? ನಾಲ್ಕು ಜನ ಮೇಡಂಗಳು ಚಹಾ ಕುಡಿಯುತ್ತಾ, ಇರಬಹುದಾ, ಇರಲಾರದಾ ಎಂದು ಮಾತಾಡಿಕೊಂಡೆವು. ನಾನೂ ಇದ್ದೆ.

ಹೆಡ್‌ಮಾಸ್ತರು ನನ್ನನ್ನು ಕರೆದು, “ಮೇಡಂ, ಏನಾದ್ರೂ ಮಾಡಿ. ಮಕ್ಳು ನಿಮ್ಮ ಮಾತು ಕೇಳ್ತವೆ. ಒಂದು ಜಾಗೃತಿ ಕಾರ್ಯಕ್ರಮ ಇಟ್ಕೊಳ್ಳಿ” ಎಂದರು. ಮಕ್ಕಳು ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಹಿಂಸಿಸುವುದಕ್ಕೆ ಆಗ ನಮ್ಮ ಬಳಿ ಹೆಸರೂ ಇರಲಿಲ್ಲ. ಸೈಬರ್ ಎಂಬ ಮಾತು ಇಂಟರ್‌ನೆಟ್ ಅಂಗಡಿಯ ಬೋರ್ಡಿನ ಮೇಲೆ ಓದಿದ್ದಷ್ಟೇ. ಅಂಥ ಕಾರ್ಯಕ್ರಮ ಹೇಗೆ ಮಾಡುತ್ತಾರೆ ಎಂದು ತೋರಿಸಿಕೊಡುವವರೂ ಇರಲಿಲ್ಲ. ಆದರೂ ನಾನು ಉಬ್ಬಿಹೋದೆ. ಮಕ್ಳು ನಿಮ್ಮ ಮಾತು ಕೇಳ್ತವೆ — ಈ ಮಾತು ನನಗೆ ಎಷ್ಟು ಹಿತವಾಗಿತ್ತು ಎಂದರೆ, ಬಸ್ಸಿನಲ್ಲಿ ಸೀಟು ಸಿಗದೆ ತುಮಕೂರಿನವರೆಗೆ ನಿಂತೇ ಬಂದದ್ದು ಗೊತ್ತಾಗಲಿಲ್ಲ.

ಡಬ್ಬದ ಉಪಾಯ ನನ್ನದೇ. ಚೌಕಾಕಾರದ ಬಿಸ್ಕತ್ ಡಬ್ಬ, ಮುಚ್ಚಳಕ್ಕೆ ಕೊಯ್ದ ಸೀಳು. ಯಾರಿಗೆ ಮೊಬೈಲಿನಿಂದ ಏನು ತೊಂದರೆಯಾಗಿದ್ದರೂ ಬರೆದು ಹಾಕಬೇಕು, ಹೆಸರು ಬೇಡ. “ನಿಮ್ಮ ಅಕ್ಷರ ನಂಗೆ ಗೊತ್ತಾಗುತ್ತೆ ಅಂತ ಭಯ ಇದ್ರೆ ಎಡಗೈಲಿ ಬರೀರಿ” ಎಂದು ನಗಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ನಾನೊಬ್ಬಳೇ ತೆರೆಯುತ್ತೇನೆ, ಒಬ್ಬಳೇ ಓದುತ್ತೇನೆ, ಬೇರೆ ಯಾರ ಕಿವಿಗೂ ಹಾಕುವುದಿಲ್ಲ ಎಂದು ಡಬ್ಬದ ಮೇಲೆ ಕೈಯಿಟ್ಟು ಹೇಳಿದೆ. ಮಕ್ಕಳಿಗೆ ನಂಬಿಕೆ ಬರಲಿ ಎಂದು, ಪರೀಕ್ಷೆಯ ಉತ್ತರ ಪತ್ರಿಕೆಯ ಕಟ್ಟುಗಳಿಗೆ ಮಾಡುವ ಹಾಗೆ, ಮುಚ್ಚಳಕ್ಕೂ ಡಬ್ಬಕ್ಕೂ ಸೇರಿಸಿ ಮೈದಾ ಅಂಟಿನಲ್ಲಿ ಕಾಗದದ ಪಟ್ಟಿ ಅಂಟಿಸಿದೆ. ಪಟ್ಟಿ ಹರಿಯದಿದ್ದರೆ ಡಬ್ಬ ತೆರೆದಿಲ್ಲ ಎಂದರ್ಥ. ಅದರ ಮೇಲೆ ಸಹಿ ಮಾಡುವುದಕ್ಕೆ ಕ್ಲಾಸ್ ಲೀಡರನ್ನು ಕರೆದೆ.

ಲೀಡರು ನೀನು. ಬಾಗಿ, ನಾಲಿಗೆಯ ತುದಿ ಕಚ್ಚಿಕೊಂಡು, ಎಂ. ಲಲಿತ ಎಂದು ದುಂಡಗೆ ಬರೆದು ಕೆಳಗೊಂದು ಗೆರೆ ಎಳೆದೆ. ಭಾಗ್ಯ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ನಿನ್ನ ಸಹಿ ಇರುವ ಡಬ್ಬ ಎಂದೇ ಅವಳು ಚೀಟಿ ಹಾಕಿದಳು ಅಂತ ನನಗೆ ಈಗ ಅನ್ನಿಸುತ್ತದೆ.

ಕಾರ್ಯಕ್ರಮ ಶುಕ್ರವಾರ. ಗುರುವಾರ ಮಧ್ಯಾಹ್ನ, ಪಿ.ಟಿ. ಪೀರಿಯಡ್ಡಿಗೆ ಎಲ್ಲರೂ ಮೈದಾನಕ್ಕೆ ಹೋದಾಗ, ನಾನು ಡಬ್ಬವನ್ನು ಸ್ಟಾಫ್ ರೂಮಿನ ಹಿಂದಿನ ಸಾಮಾನು ಕೋಣೆಗೆ ಒಯ್ದೆ. ಯಾಕೆ ಒಯ್ದೆ? ಮಕ್ಕಳ ಕಷ್ಟ ಮೊದಲೇ ತಿಳಿದರೆ ಅದಕ್ಕೆ ತಕ್ಕ ಹಾಗೆ ಮಾತಾಡಬಹುದು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಭಾಷಣಕ್ಕೆ ಒಂದು ಒಳ್ಳೆಯ ಉದಾಹರಣೆ ಬೇಕಾಗಿತ್ತು ನನಗೆ. ಬರೀ ಬುದ್ಧಿವಾದ ಹೇಳಿದರೆ ಹುಡುಗರು ಆಕಳಿಸುತ್ತಾರೆ, ಅತಿಥಿಗಳ ಮುಂದೆ ಸಪ್ಪೆಯಾಗುತ್ತದೆ — ಇದು ನನ್ನ ಚಿಂತೆ. ಒದ್ದೆ ಬಟ್ಟೆಯನ್ನು ಪಟ್ಟಿಯ ಅಂಚಿಗೆ ಒತ್ತಿ ಹಿಡಿದರೆ ಮೈದಾ ಅಂಟು ಬಿಟ್ಟುಕೊಳ್ಳುತ್ತದೆ. ಶಾಯಿಗೆ ನೀರು ತಾಗಬಾರದು ಅಷ್ಟೇ. ನಿನ್ನ ಸಹಿಯ ಒಂದು ಅಕ್ಷರವೂ ಕೆಡದ ಹಾಗೆ ಬಿಡಿಸಿದೆ. ಎಂಥ ಜಾಣತನ!

ಒಳಗೆ ಒಂಬತ್ತು ಚೀಟಿಗಳು. ಎಂಟು ಏನೇನೋ — ಮಿಸ್ಡ್ ಕಾಲ್ ಕಾಟ, ಅಣ್ಣ ಮೊಬೈಲು ಕೊಡಲ್ಲ, ಗಣಿತದ ಸರ್ ಜಾಸ್ತಿ ಹೊಡೀತಾರೆ. ಒಂಬತ್ತನೆಯದು ಎಡಗೈಯಲ್ಲಿ ಬರೆದದ್ದು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಅದು ಈಗಲೂ ನನ್ನ ಬಳಿ ಇದೆ, ನೋಡಿಕೊಂಡೇ ಬರೆಯುತ್ತೇನೆ:

“ಮಿಸ್, ನಾನು ಅವತ್ತು ಬಿದ್ದಿದ್ದು ಹಸಿವಿಗೆ. ಶನಿವಾರ ನಂದು ಒಪ್ಪತ್ತು. ಬೆಳಗಿಂದ ನೀರು ಬಿಟ್ಟು ಏನೂ ತಗೊಳಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಊಟ. ಅಮ್ಮ ಹುಷಾರಾಗ್ಲಿ ಅಂತ ಹರಕೆ. ಅಮ್ಮ ಹಾಗಲವಾಡಿಗೆ ಚಿಕ್ಕಮ್ಮನ ಬಾಣಂತನಕ್ಕೆ ಹೋಗವ್ರೆ ಅಂತ ಎಲ್ರಿಗೂ ಹೇಳಿದೀವಿ. ಅದು ಸುಳ್ಳು ಮಿಸ್. ಅಮ್ಮಂಗೆ ಮನಸ್ಸು ಸರಿ ಇಲ್ದೆ ಬೆಂಗಳೂರಲ್ಲಿ ಆಸ್ಪತ್ರೆಗೆ ಸೇರಿಸಿದೀವಿ. ಹುಡುಗ್ರು ಹಂಗೆ ಮೆಸೇಜ್ ಕಳಿಸ್ತಾವ್ರೆ. ಒಪ್ಪತ್ತು ಅಂತ ಹೇಳಿದ್ರೆ ಯಾಕೆ ಅಂತ ಕೇಳ್ತಾರೆ. ಹೇಳಿದ್ರೆ ಅಮ್ಮನ ವಿಷಯ ಗೊತ್ತಾಗುತ್ತೆ. ಹೇಳ್ದಿದ್ರೆ ನನ್ನ ಮಾನ ಹೋಗುತ್ತೆ. ಏನ್ ಮಾಡ್ಲಿ ಮಿಸ್? ಇದು ಲಲಿತಂಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಈಗ ನಿಮಗೆ.”

ನಾನು ಅಲ್ಲೇ ಹಳೆಯ ಡೆಸ್ಕಿನ ಮೇಲೆ ಕೂತು ಅತ್ತೆ. ಅದು ನಾಟಕವಲ್ಲ, ಲಲಿತಾ, ನಿಜವಾಗಿಯೂ ಅತ್ತೆ. ಸ್ಟಾಫ್ ರೂಮಿನಲ್ಲಿ ನಾವು ಆಡಿದ ಮಾತು ನೆನಪಾಗಿ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಏನ್ ಮಾಡ್ಲಿ ಅಂತ. ನಾನು ಮಾಡಬೇಕಾಗಿದ್ದದ್ದು ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ನಿಂಗೆ ಏನು ಮಾಡಬೇಕು ಅನ್ಸುತ್ತೆ ಮಗಳೇ ಎಂದು ಕೇಳುವುದು. ಅಷ್ಟು ಸಾಕಾಗಿತ್ತು. ನಾನು ಕಣ್ಣೊರೆಸಿಕೊಂಡು, ಪಟ್ಟಿಯನ್ನು ಹೊಸ ಅಂಟಿನಲ್ಲಿ ಮೊದಲಿದ್ದ ಗುರುತಿಗೆ ಸರಿಯಾಗಿ ಅಂಟಿಸಿ, ಮರುದಿನದ ಭಾಷಣವನ್ನು ಮನಸ್ಸಿನಲ್ಲೇ ಬರೆದುಕೊಂಡೆ. ಚೀಟಿ ಮಾತ್ರ ನನ್ನ ಬ್ಯಾಗಿಗೆ ಬಂತು.

ಶುಕ್ರವಾರ ಪ್ರಾರ್ಥನೆಯ ಜಾಗದಲ್ಲಿ ಶಾಮಿಯಾನ. ಅತಿಥಿಗಳು ಮಾತಾಡಿದರು, ಹೆಡ್‌ಮಾಸ್ತರು ಮಾತಾಡಿದರು, ಹಿಂದಿನ ಸಾಲಿನ ಹುಡುಗರು ಚಪ್ಪಲಿ ಎಸೆದಾಡಿಕೊಂಡರು. ಆಮೇಲೆ ನಾನು. ಎಲ್ಲವನ್ನೂ ಬದಲಾಯಿಸಿದ್ದೇನೆ ಎಂದು ನನ್ನ ನಂಬಿಕೆ. ಅಮೃತೂರು ಬಿಟ್ಟು ಗುಬ್ಬಿ ಕಡೆಯ ಒಂದು ಹಳ್ಳಿ ಎಂದೆ. ಗಣರಾಜ್ಯೋತ್ಸವ ಬಿಟ್ಟು ವಾರ್ಷಿಕೋತ್ಸವ ಎಂದೆ. ಒಬ್ಬಳು ಹುಡುಗಿ ವೇದಿಕೆಯ ಮೇಲೆ ಬಿದ್ದಳು, ಜನ ನಕ್ಕರು, ಬಾಯಿಗೆ ಬಂದದ್ದು ಆಡಿದರು, ಅವಳು ಬಿದ್ದದ್ದು ತಾಯಿಗಾಗಿ ಉಪವಾಸವಿದ್ದು — ತಾಯಿಗೆ ಮನಸ್ಸಿನ ಕಾಯಿಲೆ, ಮನೆಯವರು ಊರಿಗೆಲ್ಲ ಬಾಣಂತನ ಎಂದು ಹೇಳಿದ್ದಾರೆ... ಹೇಳುತ್ತಾ ಹೇಳುತ್ತಾ ನನ್ನ ದನಿ ನಡುಗಿತು. ಶಾಮಿಯಾನದ ಕೆಳಗೆ ಉಸಿರಾಡುವ ಸದ್ದೂ ಇಲ್ಲ. ಎಂಥ ಮಾತು, ಎಂಥ ಹಿಡಿತ ಎಂದು ನಾನು ಅಂದುಕೊಳ್ಳುತ್ತಿರುವಾಗ ಒಂದೊಂದೇ ತಲೆ ತಿರುಗತೊಡಗಿತು. ಎಲ್ಲ ತಲೆಗಳೂ ಒಂದೇ ಕಡೆಗೆ. ಭಾಗ್ಯ ನಿನ್ನ ಪಕ್ಕದಲ್ಲಿ ಕೂತಿದ್ದಳು. ನೀನು ಅವಳ ಕೈ ಹಿಡಿದೆ. ಅವಳು ಕೊಡವಿಕೊಂಡಳು. ನಾನು ಮೈಕಿನ ಮುಂದಿನಿಂದ ನೋಡಿದೆ.

ಅಯ್ಯೋ, ಊರು ಹೆಸರು ಬದಲಾಯಿಸಿದರೆ ಆಯಿತೇನೇ? ಆರು ದಿನದಿಂದ ಅದೇ ವಿಡಿಯೋ ನೋಡಿದ ಮಕ್ಕಳಿಗೆ ಅಷ್ಟೂ ತಿಳಿಯುವುದಿಲ್ಲವೇ!

ಕಾರ್ಯಕ್ರಮ ಫಲ ಕೊಟ್ಟಿತು ಎಂದು ಎಲ್ಲರೂ ಹೇಳಿದರು, ಅದೂ ಸುಳ್ಳಲ್ಲ. ಬಿ ಸೆಕ್ಷನ್ನಿನ ಇಬ್ಬರು ಬಂದು, “ತಪ್ಪಾಯ್ತು ಮಿಸ್” ಎಂದು ನನ್ನ ಮುಂದೆಯೇ ಆ ವಿಡಿಯೋ ಅಳಿಸಿದರು. ಎಷ್ಟು ತಿಂಗಳು ಎನ್ನುವ ಮಾತು ಅವತ್ತಿಗೆ ನಿಂತಿತು. ಅದರ ಜಾಗಕ್ಕೆ ಭಾಗ್ಯಳ ತಾಯಿಯ ವಿಷಯ ಬಂತು. ಅದಕ್ಕೆ ಮೊಬೈಲೂ ಬೇಕಾಗಲಿಲ್ಲ, ಸಂಜೆಯ ಬಸ್ಸಿನಲ್ಲೇ ಅಮೃತೂರು ಮುಟ್ಟಿತು.

ಸಂಜೆ, ಬಸ್ಸಿಗೆ ಮುಂಚೆ, ಭಾಗ್ಯ ಸ್ಟಾಫ್ ರೂಮಿಗೆ ಬಂದಳು. ನಾನೊಬ್ಬಳೇ ಇದ್ದೆ. ಡಬ್ಬ ಮೇಜಿನ ಮೇಲಿತ್ತು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದೇ ನನಗೆ ಭಯ ಹುಟ್ಟಿಸಿದ್ದು.

“ಮಿಸ್, ನನ್ ಚೀಟಿ ಓದಿದ್ರಾ?”

ಓದಿದೆ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಡಬ್ಬವನ್ನು ಅವಳ ಕಡೆ ತಳ್ಳಿದೆ. “ಡಬ್ಬ ಇನ್ನೂ ತೆಗೆದೇ ಇಲ್ಲ ಕಣಮ್ಮ. ನೋಡು, ಲಲಿತನ ಸಹಿ ಹಾಗೇ ಇದೆ.”

ಅವಳು ಬೆರಳಿನಿಂದ ಪಟ್ಟಿಯನ್ನು ಸವರಿ ನೋಡಿದಳು. ಹರಿದಿರಲಿಲ್ಲ. ಸಹಿ ನಿನ್ನದೇ. ಆ ಮುಖದಲ್ಲಿ ಒಂದೊಂದೇ ಅರ್ಥವಾಗುತ್ತಾ ಹೋದದ್ದನ್ನು ನಾನು ಎದುರಿಗೆ ಕೂತು ನೋಡಿದೆ. ಡಬ್ಬ ತೆರೆದಿಲ್ಲ ಎಂದಾದರೆ —

“ಹಂಗಾದ್ರೆ ಅವ್ಳೇ ಹೇಳಿದ್ಲಾ ಮಿಸ್ ನಿಮಗೆ?”

ಆಗ ನಾನು ಆಡಿದ ಮಾತು ಇದು, ಲಲಿತಾ. ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಬರೆಯುತ್ತೇನೆ.

“ಯಾರಾದ್ರೆ ಏನಮ್ಮ, ನಿನ್ನ ಒಳ್ಳೇದಕ್ಕೇ ಹೇಳಿರ್ತಾರೆ.”

ನಿನ್ನ ಹೆಸರು ನಾನು ಎತ್ತಲಿಲ್ಲ. ಎತ್ತಲಿಲ್ಲ ಎನ್ನುವುದನ್ನೇ ಹಿಡಿದುಕೊಂಡು ಎಷ್ಟೋ ವರ್ಷ ನೆಮ್ಮದಿಯಾಗಿದ್ದೆ. ಆದರೆ ಹೆಸರು ಹೇಳಿದ್ದರೆ ಅವಳು ನಂಬದೆ ಇರುವ ಸಾಧ್ಯತೆಯಾದರೂ ಇತ್ತು, ನಿನ್ನನ್ನು ಎದುರಿಗೆ ಕರೆಸಿ ಎಂದು ಕೇಳಬಹುದಾಗಿತ್ತು. ನಾನು ಅವಳಿಗೆ ಅಂಥ ದಾರಿಯನ್ನೂ ಬಿಡಲಿಲ್ಲ. ಅಷ್ಟು ಮೆತ್ತಗೆ, ಅಷ್ಟು ಪ್ರೀತಿಯಿಂದ ಹೇಳಿದೆ. ತಲೆಯನ್ನೂ ಸವರಿದೆ ಅಂತ ಕಾಣುತ್ತೆ — ಹೌದು, ಸವರಿದೆ.

ಭಾಗ್ಯ ಎಂಟು ದಿನ ಶಾಲೆಗೆ ಬರಲಿಲ್ಲ. ನೀನು ನೋಟ್ಸ್ ತೆಗೆದುಕೊಂಡು ಅಮೃತೂರಿಗೆ ಹೋದೆಯಂತೆ, ಅವಳು ಹೊಸ್ತಿಲಿನಲ್ಲೇ ನಿಲ್ಲಿಸಿ ಕಳಿಸಿದಳಂತೆ. ಇದು ನನಗೆ ಗೊತ್ತಾದದ್ದು ನಾನೂ ಅವರ ಮನೆಗೆ ಹೋದಾಗ. ಅವಳ ತಂದೆಗೆ ಕೈಮುಗಿದು, ಪರೀಕ್ಷೆ ಬರೆಸಿ ಎಂದು ಬೇಡಿಕೊಂಡೆ. “ಊರಲ್ಲಿ ತಲೆ ಎತ್ತಂಗಿಲ್ಲ ಮೇಡಂ. ಆ ಟೈಲರ್ ಮಗ್ಳು ಹಿಂಗ್ ಮಾಡ್ಬಾರ್ದಾಗಿತ್ತು. ಮನೆ ಮಗ್ಳಂಗೆ ಬಂದು ಉಂಡು ಹೋಗೋಳು” ಎಂದರು. ನಾನು ಅವರು ಕೊಟ್ಟ ಮಜ್ಜಿಗೆ ಕುಡಿಯುತ್ತಾ ಕೂತಿದ್ದೆ. ಕೊನೆಗೆ ಅವರು, “ಬುಡಿ, ನಿಮ್ ಮಕ ನೋಡ್ಕಂಡು ಕಳುಸ್ತೀನಿ” ಎಂದರು. ಭಾಗ್ಯಳ ಓದು ಉಳಿಯಿತು. ಓದು ಉಳಿಸಿದವಳು ನಾನು ಎಂದು ಆ ಮನೆಯಲ್ಲಿ ಇವತ್ತಿಗೂ ಹೇಳುತ್ತಾರಂತೆ.

ಅವಳು ಬಂದ ದಿನ ನಿನ್ನ ಬೆಂಚು ಬಿಟ್ಟು ಮುಂದೆ ಹೋಗಿ ಕೂತಳು. ನೀನು ಅವತ್ತು ಸಂಜೆ ನನ್ನ ಹತ್ತಿರ ಬಂದೆ. ಕಾರಿಡಾರಿನಲ್ಲಿ, ಪುಸ್ತಕಗಳನ್ನು ಎದೆಗವಚಿಕೊಂಡು.

“ಮಿಸ್, ನಾನು ಯಾರ್ಗೂ ಹೇಳಿಲ್ಲ. ದೇವ್ರಾಣೆ ಹೇಳಿಲ್ಲ. ನೀವಾದ್ರೂ ಅವ್ಳಿಗೆ ಹೇಳಿ ಮಿಸ್. ನಿಮ್ ಮಾತು ನಂಬ್ತಾಳೆ.”

“ಪರೀಕ್ಷೆ ಮುಗೀಲಿ ಲಲಿತಾ, ಹೇಳ್ತೀನಿ. ಈಗ ಅವಳ ಮನಸ್ಸು ಕದಡೋದು ಬೇಡ” ಎಂದೆ ನಾನು. ನೀನು ತಲೆ ತಗ್ಗಿಸಿ, “ಸರಿ ಮಿಸ್” ಎಂದೆ. ಆ ಸರಿ ಮಿಸ್ ಎನ್ನುವುದನ್ನು ನೆಚ್ಚಿಕೊಂಡೇ ನಾನು ಅಷ್ಟು ಧೈರ್ಯವಾಗಿದ್ದದ್ದು. ಭಾಗ್ಯಳಂಥವಳಾಗಿದ್ದರೆ ಜಗಳ ತೆಗೆಯುತ್ತಿದ್ದಳು, ಹಾಗಾದ್ರೆ ನಿಮಗೆ ಹೇಳಿದ್ದು ಯಾರು ಮಿಸ್ ಎಂದು ತಿರುಗಿ ಕೇಳುತ್ತಿದ್ದಳು. ನೀನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲಿಲ್ಲವೋ, ಹೊಳೆದೂ ಮಿಸ್‌ಗೆ ಅವಮಾನವಾಗಬಾರದು ಎಂದು ಸುಮ್ಮನಾದೆಯೋ? ಈ ಎರಡನೆಯದನ್ನು ಯೋಚಿಸಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಪರೀಕ್ಷೆ ಮುಗಿಯಿತು. ಹೇಳಲಿಲ್ಲ. ರಿಸಲ್ಟು ಬಂತು. ಹೇಳಲಿಲ್ಲ. ಟಿ.ಸಿ. ತೆಗೆದುಕೊಳ್ಳಲು ಇಬ್ಬರೂ ಒಂದೇ ದಿನ ಬಂದಿದ್ದಿರಿ, ಒಬ್ಬಳು ಈ ಬಾಗಿಲಲ್ಲಿ, ಒಬ್ಬಳು ಆ ಬಾಗಿಲಲ್ಲಿ. ನಾನು ಲೈಬ್ರರಿಯಲ್ಲಿ ಕೆಲಸವಿದೆ ಎಂದು ಒಳಗೆ ಹೋಗಿ ಕೂತೆ.

ಇನ್ನೊಂದು ಹೇಳಬೇಕು. ಇದನ್ನು ನೋಡಿದವಳು ನಾನೊಬ್ಬಳೇ ಇರಬೇಕು. ಶನಿವಾರ ನಮಗೆ ಬೆಳಗಿನ ಶಾಲೆ. ಹತ್ತು ಗಂಟೆಗೆ ಸಣ್ಣ ಬಿಡುವು, ಎಲ್ಲರೂ ಟಿಫನ್ ಡಬ್ಬಿ ಬಿಚ್ಚುತ್ತಿದ್ದರು. ಆ ವರ್ಷವೆಲ್ಲ ಶನಿವಾರ ನೀನು ಬಿಚ್ಚುತ್ತಿರಲಿಲ್ಲ. ಭಾಗ್ಯ ಹಸಿದಿರುವಾಗ ಪಕ್ಕದಲ್ಲಿ ಕೂತು ತಿನ್ನುವುದು ಹೇಗೆ ಎಂದು, ಈಗ ಅರ್ಥವಾಗುತ್ತದೆ. ಆದರೆ ಅವಳು ನಿನ್ನ ಬೆಂಚು ಬಿಟ್ಟು ಹೋದ ಮೇಲೂ ನೀನು ಬಿಚ್ಚಲಿಲ್ಲ, ಲಲಿತಾ. ಮೂರು ಬೆಂಚು ಹಿಂದೆ, ಅವಳ ಜಡೆಯನ್ನು ನೋಡುತ್ತಾ, ಮುಚ್ಚಿದ ಡಬ್ಬಿಯ ಮೇಲೆ ಕೈಯಿಟ್ಟು ಕೂತಿರುತ್ತಿದ್ದೆ. ಪರೀಕ್ಷೆಯವರೆಗಿನ ಒಂದು ಶನಿವಾರವೂ ತಪ್ಪಿಸಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ನೋಡಿ ಸ್ಟಾಫ್ ರೂಮಿಗೆ ಹೋಗಿ ಉಪ್ಪಿಟ್ಟು ತಿನ್ನುತ್ತಿದ್ದೆ.

ಅಷ್ಟರಲ್ಲಿ ನನ್ನ ಕಾರ್ಯಕ್ರಮ ಹೆಸರಾಗಿತ್ತು. ಮೊಬೈಲ್ ಕಾಟದ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ ಎಂದು ಬೇರೆ ಶಾಲೆಗಳಿಂದ ಕರೆ ಬಂತು. ಗುಬ್ಬಿಗೆ ಹೋದೆ, ಕಡಬಕ್ಕೆ ಹೋದೆ. ಪಟ್ಟಿ ಬಿಚ್ಚದ ಆ ಡಬ್ಬವೂ, ತೋರಿಸುವುದಕ್ಕೆಂದು, ನನ್ನ ಜೊತೆ ಬಸ್ಸು ಹತ್ತಿ ಬರುತ್ತಿತ್ತು. ಯಾರ ಬಗ್ಗೆ ಏನು ಬಂದರೂ ಮುಂದಕ್ಕೆ ಕಳಿಸಬೇಡಿ, ಅದು ನಿಮ್ಮದಲ್ಲ, ಅವರದು — ಇದು ನನ್ನ ಮುಖ್ಯ ಮಾತು. ಅದಾದ ಮೇಲೆ ಭಾಗ್ಯಳ ಕತೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಲ್ಲ ರೂಢಿಯಾಗಿತ್ತು.

ಮರುವರ್ಷ ತುಮಕೂರಿನ ಒಂದು ಶಾಲೆಯಲ್ಲಿ, ಎಂಟನೆಯ ಕ್ಲಾಸೋ ಒಂಬತ್ತೋ, ಮೂಗುತಿ ಇಟ್ಟ ಒಂದು ಹುಡುಗಿ ಕೈಯೆತ್ತಿದಳು. “ಮಿಸ್, ಈ ಕತೆ ಎಲ್ರಿಗೂ ಹೇಳಿ ಅಂತ ಆ ಅಕ್ಕ ಹೇಳಿದ್ರಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ನೀರು ಕುಡಿದೆ. ಒಳ್ಳೆ ಪ್ರಶ್ನೆ ಎಂದೆ. ಇನ್ನೇನೋ ಹೇಳಿ ಮುಗಿಸಿದೆ. ಅದಾದ ಮೇಲೆ ಎಲ್ಲಿಂದ ಕರೆ ಬಂದರೂ ಗಂಟಲು ಸರಿಯಿಲ್ಲ, ಬಿ.ಪಿ. ಇದೆ ಎಂದು ತಪ್ಪಿಸಿಕೊಂಡೆ. ನಿಲ್ಲಿಸಿದ್ದೇ ದೊಡ್ಡ ಪ್ರಾಯಶ್ಚಿತ್ತ ಎಂದುಕೊಂಡು ರಿಟೈರೂ ಆದೆ. ನಿಲ್ಲಿಸುವುದಕ್ಕೂ ಹೇಳುವುದಕ್ಕೂ ಎಷ್ಟು ದೂರವಿದೆ ಎಂದು ತಿಳಿಯದಷ್ಟು ದಡ್ಡಿಯೇನಲ್ಲ ನಾನು.

ಹೋದ ವಾರ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಯಾರೋ ನನ್ನ ಕಾಲಿಗೆ ಬಾಗಿದರು. ನೋಡಿದರೆ ಭಾಗ್ಯ! ತುಂಬಿಕೊಂಡಿದ್ದಾಳೆ, ಚೆನ್ನಾಗಿದ್ದಾಳೆ. ಇಲ್ಲೇ ಆಸ್ಪತ್ರೆಯಲ್ಲಿ ನರ್ಸ್ ಅಂತೆ. ಜೊತೆಯಲ್ಲಿ ಅವಳ ತಾಯಿ ಇದ್ದರು, ಮಲ್ಲಿಗೆ ಮುಡಿದುಕೊಂಡು, ಮೆಲ್ಲಗೆ ನಗುತ್ತಾ. ಹುಷಾರಾಗಿದ್ದಾರೆ ಲಲಿತಾ. ಮಾತ್ರೆ ತಪ್ಪಿಸುವ ಹಾಗಿಲ್ಲ, ಅಷ್ಟೇ. “ನಮ್ ಹುಡ್ಗಿ ಓದು ಉಳಿಸಿದ್ದು ನೀವೇ ಅಲ್ವಾ ಮೇಡಂ” ಎಂದು ಅವರು ನನ್ನ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳುವ ಹಾಗೂ ಇಲ್ಲ, ಹಿಡಿದುಕೊಳ್ಳುವ ಯೋಗ್ಯತೆಯೂ ಇಲ್ಲ.

ಅಂಗಡಿಯಲ್ಲಿ ಕಾಫಿ ಕೊಡಿಸುತ್ತೇನೆ ಎಂದೆ. ಭಾಗ್ಯ, “ಶನಿವಾರ ಅಲ್ವಾ ಮಿಸ್, ನಂದು ಒಪ್ಪತ್ತು. ಅಮ್ಮಂಗೆ ಕೊಡಿಸಿ” ಎಂದಳು. ಇನ್ನೂ ಬಿಟ್ಟಿಲ್ಲ. ಲಲಿತ ಎಲ್ಲಿದ್ದಾಳೆ ಎಂದು ಹೇಗೋ ಕೇಳಿದೆ.

“ಗುಬ್ಬಿಲಿದಾಳೆ ಮಿಸ್. ಮಗಳ ನಾಮಕರಣಕ್ಕೆ ಕಾರ್ಡ್ ಕಳ್ಸಿದ್ಲು, ಮುಂಚೆ ತನ್ ಮದುವೆಗೂ ಕಳ್ಸಿದ್ಲು. ನಾನೇ ಹೋಗಿಲ್ಲ.” ತಾಯಿಯ ಕಾಫಿ ಲೋಟ ಹತ್ತಿರಕ್ಕೆ ಸರಿಸಿ ಹೇಳಿದಳು, “ಈಗ ಕೋಪ ಏನಿಲ್ಲ ಬಿಡಿ. ಚಿಕ್ಕೋಳು, ಏನೋ ಬಾಯ್ತಪ್ಪಿ ಹೇಳಿರ್ತಾಳೆ. ಕ್ಷಮಿಸ್ಬಿಟ್ಟಿದೀನಿ.”

ಕ್ಷಮಿಸಿಬಿಟ್ಟಿದ್ದಾಳಂತೆ. ನಿನ್ನನ್ನು! ಬಸ್ ಸ್ಟ್ಯಾಂಡಿನ ಆ ಗಲಾಟೆಯ ಮಧ್ಯೆ ನನಗೆ ಕೂಗಿಕೊಳ್ಳಬೇಕು ಅನ್ನಿಸಿತು. ಅಲ್ಲೇ ಹೇಳಬೇಕಾಗಿತ್ತು. ಅವಳ ತಾಯಿ ಕಾಫಿ ಆರಿಸಿಕೊಳ್ಳುತ್ತಾ ಕೂತಿದ್ದರು. ಹೇಳಲಿಲ್ಲ. ನಿನ್ನ ವಿಳಾಸ ಮಾತ್ರ ಬರೆಸಿಕೊಂಡು ಬಂದೆ; ಅವಳ ಬಳಿ ನಿನ್ನ ವಿಳಾಸ ಮೊಬೈಲಿನಲ್ಲಿ ಭದ್ರವಾಗಿತ್ತು, ಹುಡುಕಬೇಕಾಗಲೇ ಇಲ್ಲ. ಅದನ್ನು ನಿನಗೆ ಹೇಳಬೇಕು ಅನ್ನಿಸಿತು.

ನಾನು ಈಗ ಕ್ಷಮೆ ಕೇಳುತ್ತಿಲ್ಲ, ಕಣೇ. ನೀನು ಕೊಟ್ಟರೂ ಕೊಟ್ಟುಬಿಡುವವಳು, ಸರಿ ಮಿಸ್ ಎಂದುಬಿಡುವವಳು. ಬೇಡ. ಈ ಒಂದು ಸಲ ಸರಿ ಮಿಸ್ ಎನ್ನಬೇಡ. ಬೈಯಬೇಕು ಅನ್ನಿಸಿದರೆ ಬೈದು ಬರೆ. ಈ ಕಾಗದವನ್ನು ಯಾರಿಗೆ ತೋರಿಸುವುದಾದರೂ ಭಾಗ್ಯಳನ್ನು ಒಂದು ಮಾತು ಕೇಳಿ ತೋರಿಸು, ನನ್ನನ್ನು ಕೇಳಬೇಕಾಗಿಲ್ಲ.

ಆ ಡಬ್ಬ ನನ್ನ ಬೀರುವಿನಲ್ಲೇ ಇದೆ. ಪಟ್ಟಿ ಹಳದಿಯಾಗಿದೆ, ನಿನ್ನ ಸಹಿ ಹಾಗೇ ಇದೆ. ಅದನ್ನೂ, ಎಡಗೈಯಲ್ಲಿ ಬರೆದ ಚೀಟಿಯನ್ನೂ ತೆಗೆದುಕೊಂಡು ನಾನು ಭಾಗ್ಯಳ ಮನೆಗೆ ಹೋಗುತ್ತೇನೆ. ಅವಳ ತಾಯಿಯ ಮುಂದೆಯೇ, ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಹೇಗೆ ಬಿಡಿಸಿದೆ ಎಂದು ಬಿಡಿಸಿ ತೋರಿಸುತ್ತೇನೆ. ಅವಳು ಹೊಸ್ತಿಲಿನಲ್ಲೇ ನಿಲ್ಲಿಸಿದರೆ ಹೊಸ್ತಿಲಿನಲ್ಲೇ ನಿಂತು ಹೇಳುತ್ತೇನೆ. ನೀನು ನಿಂತಿದ್ದ ಜಾಗ ಅದು.

ಭಾನುವಾರ ಹೋಗುತ್ತೇನೆ. ಅವಳಿಗೆ ರಜೆ ಇರುವುದು ಶನಿವಾರವಂತೆ, ಆದರೂ ಶನಿವಾರ ಬೇಡ. ಅವತ್ತು ಅವಳು ಹಸಿದಿರುತ್ತಾಳೆ. ನೀನೂ ಇರುತ್ತೀಯೇನೋ, ಲಲಿತಾ.